ಸ್ವಾಮಿಯ ಊರಿಗೆ ರೈಲೇ ಇರಲಿಲ್ಲ

ಚಿಂತಾಮಣಿಯಿಂದ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: “ನಮ್ಮ ತಾತ ಫೋನಿನಲ್ಲಿ ‘ಮಾಲ್ಗುಡಿ ಡೇಸ್’ ನೋಡ್ತಾ ನಗ್ತಾ ಇದ್ರು. ನಾನೂ ಪಕ್ಕದಲ್ಲಿ ಕೂತ್ಕೊಂಡೆ. ಮಾಲ್ಗುಡಿ ಎಲ್ಲಿದೆ? ಭೂಪಟದಲ್ಲಿ ಹುಡುಕಿದೆ, ಸಿಗಲಿಲ್ಲ.”

ಸಿಗೋದಿಲ್ಲ ಮಗು. ಅದು ಆರ್.ಕೆ. ನಾರಾಯಣ್ ಅವರು ತಲೆಯಲ್ಲೇ ಕಟ್ಟಿಕೊಂಡ ಊರು. ತಮಾಷೆ ಏನೆಂದರೆ, ಊರಿಗಿಂತ ಮುಂಚೆ ಅವರ ಕಣ್ಣ ಮುಂದೆ ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣ. ಆಲದ ಮರ, ಒಬ್ಬ ಸ್ಟೇಷನ್ ಮಾಸ್ಟರು, ದಿನಕ್ಕೆ ಒಂದೆರಡು ರೈಲು. ಆಮೇಲೆ ಬೀದಿ ಬಂತು, ನದಿ ಬಂತು, ಶಾಲೆ ಬಂತು, ಆ ಶಾಲೆಗೆ ಹೋಗಲು ಮನಸ್ಸಿಲ್ಲದ ಸ್ವಾಮಿ ಬಂದ. ಆ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ.

ಇಲ್ಲದ ಊರನ್ನು ಪುಸ್ತಕದಲ್ಲಿ ಓದುವುದು ಸುಲಭ. ಕ್ಯಾಮೆರಾಕ್ಕೆ ತೋರಿಸುವುದು ಹೇಗೆ? ನಾರಾಯಣ್ ಅವರಿಗೆ ಈ ವಿಷಯದಲ್ಲಿ ಒಮ್ಮೆ ಕೈ ಸುಟ್ಟಿತ್ತು. ಅವರ ‘ದಿ ಗೈಡ್’ ಕಾದಂಬರಿಯನ್ನು ಹಿಂದಿಯವರು ಸಿನಿಮಾ ಮಾಡಿದರು, ದೇವ್ ಆನಂದ್ ನಾಯಕ, 1965. ಸಿನಿಮಾ ಭರ್ಜರಿಯಾಗಿ ಓಡಿತು. ಆದರೆ ಮಾಲ್ಗುಡಿಯನ್ನು ಎತ್ತಿಕೊಂಡು ಹೋಗಿ ರಾಜಸ್ಥಾನದಲ್ಲಿ ಇಟ್ಟುಬಿಟ್ಟಿದ್ದರು! ನಾರಾಯಣ್ ಬೇಸರಪಟ್ಟು, ಗೈಡ್ ದಾರಿ ತಪ್ಪಿದ ಎಂಬ ಅರ್ಥದ ಲೇಖನವನ್ನೇ ಬರೆದರು.

ಇಪ್ಪತ್ತು ವರ್ಷದ ಮೇಲೆ ಅದೇ ಊರನ್ನು ದೂರದರ್ಶನಕ್ಕೆ ತರಲು ಹೊರಟವರು ನಿರ್ಮಾಪಕ ಟಿ.ಎಸ್. ನರಸಿಂಹನ್. ನಿರ್ದೇಶನಕ್ಕೆ ಅವರು ಆರಿಸಿಕೊಂಡದ್ದು ನಮ್ಮ ಶಂಕರ್ ನಾಗ್ ಅವರನ್ನು. ಆಗಿನ್ನೂ ಶಂಕರ್‌ಗೆ ಮೂವತ್ತು ದಾಟಿತ್ತಷ್ಟೇ. ನಿಮ್ಮ ಊರಿನ ಆಟೋ ಸ್ಟ್ಯಾಂಡಿನಲ್ಲಿ ಇವತ್ತಿಗೂ ಅವರ ಫೋಟೊ ಇದ್ದೇ ಇರುತ್ತದೆ, ನೋಡಿ.

ಸೆಟ್ ಹಾಕಿಸುವ ಬದಲು ಅವರು ಒಂದು ನಿಜವಾದ ಊರನ್ನೇ ಹಿಡಿದರು. ಅದು ಶಿವಮೊಗ್ಗ ಜಿಲ್ಲೆ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಾಗ. ನಮ್ಮ ಚಿಕ್ಕಬಳ್ಳಾಪುರದ ಕಡೆ ಬೀಳುವುದು ಅದರ ಹತ್ತನೇ ಒಂದು ಪಾಲು. ಅಲ್ಲಿ ಕಂಬಗಳ ತೊಟ್ಟಿಯ ದೊಡ್ಡಮನೆಯೊಂದಿದೆ. ಅದೇ ಸ್ವಾಮಿಯ ಮನೆಯಾಯಿತು. ಕಲಾ ನಿರ್ದೇಶಕ ಜಾನ್ ದೇವರಾಜ್ ಊರಿನ ಬೀದಿಗೆ ಐವತ್ತು ವರ್ಷ ಹಿಂದಿನ ವೇಷ ಹಾಕಿದರು. ಊರಿನವರೇ ಬೀದಿಯಲ್ಲಿ ಓಡಾಡುವ ಮಾಲ್ಗುಡಿಯ ಜನರಾದರು.

ಎಲ್ಲ ಸರಿ, ಆದರೆ ಆಗುಂಬೆಗೆ ರೈಲಿಲ್ಲ! ನಾರಾಯಣ್ ಮೊಟ್ಟಮೊದಲು ಕಂಡದ್ದೇ ನಿಲ್ದಾಣವನ್ನು. ಅದಿಲ್ಲದೆ ಮಾಲ್ಗುಡಿ ಹೇಗಾದೀತು? ಅದಕ್ಕೆ ಶಿವಮೊಗ್ಗ–ತಾಳಗುಪ್ಪ ದಾರಿಯಲ್ಲಿರುವ ಅರಸಾಳು ಎಂಬ ಚಿಕ್ಕ ನಿಲ್ದಾಣಕ್ಕೆ ಹೋಗಿ ಚಿತ್ರೀಕರಣ ಮಾಡಿದರು. ಹಾಗಾಗಿ ಟಿ.ವಿ.ಯ ಮಾಲ್ಗುಡಿಯ ಮನೆಯೊಂದು ಕಡೆ, ರೈಲು ಇನ್ನೊಂದು ಕಡೆ. ನೋಡುವವರಿಗೆ ಅದು ಗೊತ್ತಾಗಲೇ ಇಲ್ಲ. (ನನ್ನನ್ನು ಕೇಳಿದ್ದರೆ ನಮ್ಮ ನಂದಿ ಹಾಲ್ಟ್ ಇತ್ತಲ್ಲ ಅನ್ನುತ್ತಿದ್ದೆ. ನೂರು ವರ್ಷ ದಾಟಿದ ಪುಟ್ಟ ಕಟ್ಟಡ, ಹಿಂದೆ ಬೆಟ್ಟ, ಆಗ ನ್ಯಾರೋಗೇಜಿನ ಆಟಿಕೆಯಂಥ ರೈಲು. ಆದರೆ ನನ್ನನ್ನು ಯಾರು ಕೇಳಬೇಕು!)

ಸ್ವಾಮಿಯ ಪಾತ್ರ ಮಾಸ್ಟರ್ ಮಂಜುನಾಥ್‌ನದು. ಆಗ ಅವನಿಗೆ ಹತ್ತರ ಹತ್ತಿರದ ವಯಸ್ಸು. ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ. ಬೇರೆ ಕಥೆಗಳಲ್ಲಿ ಅನಂತ್ ನಾಗ್, ವಿಷ್ಣುವರ್ಧನ್ ಕೂಡ ಬಂದರು. ಆರಂಭದ ಆ ರಾಗ ಎಲ್. ವೈದ್ಯನಾಥನ್ ಅವರದು, ಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಅವರವು.

ಇದೆಲ್ಲ ತಯಾರಾದದ್ದು ಹಿಂದಿಯಲ್ಲಿ, ಮೊದಲ ಕಂತುಗಳು ಇಂಗ್ಲಿಷಿನಲ್ಲೂ. ದೇಶಕ್ಕೆಲ್ಲ ತೋರಿಸಬೇಕಿತ್ತಲ್ಲ. 1986ರಲ್ಲಿ ಅದು ಬಂದಾಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಆಡುತ್ತಿದ್ದದ್ದು ತೆಲುಗು, ಮಕ್ಕಳು ಶಾಲೆಯಲ್ಲಿ ಕಲಿಯುತ್ತಿದ್ದದ್ದು ಕನ್ನಡ. ಹಿಂದಿ ಯಾರಿಗೆ ಬರುತ್ತಿತ್ತು? ಆದರೂ ಪಂಚೆ, ಜಗಲಿ, ಕಣ್ಣಲ್ಲೇ ಗದರುವ ಅಪ್ಪ, ಮೊಮ್ಮಗನ ಪರ ನಿಲ್ಲುವ ಅಜ್ಜಿ, ಇವಕ್ಕೆ ಯಾವ ಭಾಷೆ ಬೇಕು? ಕನ್ನಡದ ಇಷ್ಟು ಜನ ಸೇರಿ ಮಾಡಿದ್ದು ಕನ್ನಡದಲ್ಲೇ ಇದ್ದಿದ್ದರೆ ಎಂಬ ಆಸೆ ಮಾತ್ರ ನನಗೆ ಹೋಗಿಲ್ಲ.

ನನಗೆ ಇಷ್ಟವಾದ ಕಥೆ ಸ್ವಾಮಿ ಕಳ್ಳನನ್ನು ಹಿಡಿದದ್ದು. ಅಜ್ಜಿಯ ಪಕ್ಕ ಮಲಗುವ ಹುಡುಗನನ್ನು ಅಪ್ಪ ಧೈರ್ಯ ಬರಲಿ ಅಂತ ತಮ್ಮ ಆಫೀಸು ಕೋಣೆಯಲ್ಲಿ ಒಂಟಿಯಾಗಿ ಮಲಗಿಸುತ್ತಾರೆ. ಹುಡುಗ ಹೆದರಿ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಬಂದಂತಾಗುತ್ತದೆ. ದೆವ್ವವೇ ಬಂತೆಂದು ಅದರ ಕಾಲನ್ನು ಹಿಡಿದು ಬಲವಾಗಿ ಕಚ್ಚುತ್ತಾನೆ. ಅದು ಕಳ್ಳನ ಕಾಲು! ಊರೆಲ್ಲ ಶಹಬ್ಬಾಸ್ ಅನ್ನುತ್ತದೆ. ಮಾರನೆಯ ರಾತ್ರಿ ಅಪ್ಪ ಬಂದು ನೋಡಿದರೆ ವೀರ ಮತ್ತೆ ಅಜ್ಜಿಯ ಪಕ್ಕದಲ್ಲೇ ಮಲಗಿದ್ದಾನೆ. ಅವನನ್ನು ನೋಡಿ ನಗುತ್ತೇವೆ, ಆದರೆ ಅವನ ಹೆದರಿಕೆ ನಮಗೆ ಸಣ್ಣದೆನಿಸುವುದಿಲ್ಲ.

ನಾರಾಯಣ್ ಅವರಿಗೂ ಎನಿಸುತ್ತಿರಲಿಲ್ಲ. ಧಾರಾವಾಹಿ ಬಂದ 1986ರಲ್ಲೇ ಅವರು ರಾಜ್ಯಸಭೆಗೆ ನಾಮಕರಣಗೊಂಡರು. 1989ರಲ್ಲಿ ಅಲ್ಲಿ ಎದ್ದು ನಿಂತು ಮಾತಾಡಿದ್ದು ನಿಮ್ಮ ಬೆನ್ನ ಮೇಲಿನ ಚೀಲದ ಭಾರದ ಬಗ್ಗೆ. ಆ ಮಾತಿನ ಹಿಂದೆಯೇ ಪ್ರೊ. ಯಶಪಾಲ್ ಅವರ ಸಮಿತಿ ರಚನೆಯಾಗಿ, 1993ರಲ್ಲಿ ವರದಿ ಕೊಟ್ಟಿತು. ಚೀಲ ಎಷ್ಟು ಹಗುರಾಯಿತು ಅನ್ನುವುದನ್ನು ನೀವೇ ಹೇಳಬೇಕು.

ಆಮೇಲೆ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಯಂಥ ನಗೆ ಧಾರಾವಾಹಿಗಳು ವರ್ಷಗಟ್ಟಲೆ ಓಡಿದವು. ಶಂಕರ್ ನಾಗ್ ಮಾಡಿದ ಮಾಲ್ಗುಡಿಯ ಕಂತುಗಳು 39 ಮಾತ್ರ. 2006ರಲ್ಲಿ ಕವಿತಾ ಲಂಕೇಶ್ ಇನ್ನು 15 ಸೇರಿಸಿದರು. ಅದನ್ನು ನೋಡಲು ಶಂಕರ್ ಇರಲಿಲ್ಲ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡು ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು, ಮೂವತ್ತೈದು ವರ್ಷಕ್ಕೇ. ಅಮ್ಮನಾಗಿದ್ದ ವೈಶಾಲಿ 2010ರಲ್ಲಿ ಹೋದರು, ಅಪ್ಪನಾಗಿದ್ದ ಕಾರ್ನಾಡ್ 2019ರಲ್ಲಿ. ಮಂಜುನಾಥ್ ನಟನೆ ಬಿಟ್ಟು ಬೇರೆ ಕೆಲಸಕ್ಕೆ ಹೋದರು. ಈಗ ಅವರಿಗೆ ಐವತ್ತರ ಆಸುಪಾಸು. ನಿನ್ನ ತಾತನ ಫೋನಿನಲ್ಲಿ ಓಡುತ್ತಿರುವ ಸ್ವಾಮಿಗೆ ಮಾತ್ರ ಇನ್ನೂ ಹತ್ತೇ ವರ್ಷ.

ಭೂಪಟದ ವಿಷಯಕ್ಕೆ ಬರೋಣ. ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ತೆರೆದಿದ್ದಾರೆ. ಅದನ್ನು ರೂಪಿಸಿದವರೂ ಅದೇ ಜಾನ್ ದೇವರಾಜ್. ಬೇಸಿಗೆ ರಜೆಯಲ್ಲಿ ತಾತನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗು. ಅಲ್ಲಿಂದ ತಾಳಗುಪ್ಪದ ಕಡೆಗೆ ಹೊರಟರೆ ದಾರಿಯಲ್ಲೇ ಸಿಗುತ್ತದೆ. ಕಿಟಕಿಯ ಪಕ್ಕದ ಸೀಟು ತಾತನಿಗೆ ಬಿಟ್ಟುಕೊಡು.