ಪೆರಿಯಕುಳಂ ಹೋಯಿತು, ತೇನಿ ಬಂತು. ಕನ್ನಡದ ಮನೆಗೆ ಬಂದದ್ದೇನು?

ಕ್ಷೇತ್ರ ಪುನರ್ವಿಂಗಡಣೆ ಎಂಬ ಮಾತು ಮತ್ತೆ ಕಿವಿಗೆ ಬೀಳುತ್ತಿದೆ. 2026ರ ನಂತರದ ಮೊದಲ ಜನಗಣತಿ ಆಗುವ ತನಕ ಲೋಕಸಭೆಯ ಸೀಟುಗಳ ಲೆಕ್ಕ ಮುಟ್ಟಬಾರದು ಎಂದು 2001ರಲ್ಲಿ ಸಂವಿಧಾನದ 84ನೇ ತಿದ್ದುಪಡಿ ಹೇಳಿತ್ತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಜನಗಣತಿ ಮಾಡುವುದಾಗಿ ಕೇಂದ್ರ ಸರಕಾರ 2025ರಲ್ಲಿ ಪ್ರಕಟಿಸಿತು. ಉತ್ತರಕ್ಕೆ ಎಷ್ಟು ಸೀಟು, ದಕ್ಷಿಣಕ್ಕೆ ಎಷ್ಟು ಎಂದು ದೊಡ್ಡವರ ನಡುವೆ ಜಗಳ ಎದ್ದಿದೆ. ಆ ಜಗಳ ಸಣ್ಣದೇನಲ್ಲ. ಆದರೆ ಗಡಿಯಾಚೆಯ ಕನ್ನಡದ ಮನೆಗಳಿಗೆ ಅದಕ್ಕಿಂತ ಹತ್ತಿರದ ಪ್ರಶ್ನೆ ಬೇರೆ ಇದೆ. ಗೆರೆ ಎಳೆಯುವವರು ತಮ್ಮ ಊರನ್ನು ಯಾವ ಕಡೆ ಹಾಕುತ್ತಾರೆ?

ಹಿಂದಿನ ಸಲ ಗೆರೆ ಎಳೆದದ್ದು 2008ರಲ್ಲಿ. ಇಚಲಕರಂಜಿ ಲೋಕಸಭಾ ಕ್ಷೇತ್ರ ಹೋಗಿ ಹಾತಕಣಂಗಲೆ ಬಂತು. ಪಂಢರಪುರ ಹೋಗಿ ಮಾಢಾ ಬಂತು. ಸೋಲಾಪುರ, ವಿಜಾಪುರ ಪರಿಶಿಷ್ಟ ಜಾತಿಗೆ ಮೀಸಲಾದವು. ಶಂಕರಾನಂದ ಅವರು ಸಾಲಾಗಿ ಏಳು ಸಲ ಗೆದ್ದಿದ್ದ ಮೀಸಲು ಕ್ಷೇತ್ರ ಚಿಕ್ಕೋಡಿ ಸಾಮಾನ್ಯ ಕ್ಷೇತ್ರವಾಯಿತು. ಇದೆಲ್ಲ ಈ ಭಾಗದ ಮಂದಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಏನೆಂದರೆ, ಅದೇ ಆದೇಶದಲ್ಲಿ ತಮಿಳುನಾಡಿನ ದಕ್ಷಿಣ ಮೂಲೆಯಲ್ಲಿ ಪೆರಿಯಕುಳಂ ಎಂಬ ಹಳ್ಳಿಗಾಡಿನ ಲೋಕಸಭಾ ಕ್ಷೇತ್ರವೂ ಹೆಸರು ಕಳೆದುಕೊಂಡಿತು. ಆ ಕ್ಷೇತ್ರದ ಒಳಗೂ ಕನ್ನಡ ಮಾತಾಡುವ ಮನೆಗಳಿವೆ. ಅದರ ಐವತ್ತು ವರ್ಷದ ಚುನಾವಣೆಯ ಕತೆ ಜತ್ತ, ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಮನೆಗಳಿಗೆ ಪಾಠವಾಗುವಂತಿದೆ.

ಕಣಿವೆಯ ಕನ್ನಡ

ಪಶ್ಚಿಮ ಘಟ್ಟದ ಬುಡದಲ್ಲಿ, ಕೇರಳದ ಗಡಿಗೆ ಅಂಟಿಕೊಂಡು ಕಂಬಂ ಕಣಿವೆ ಇದೆ. ಗೂಡಲೂರು, ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು, ಬೋಡಿನಾಯಕನೂರು ಇಲ್ಲಿನ ದೊಡ್ಡ ಊರುಗಳು. ಭತ್ತ, ಬಾಳೆ, ದ್ರಾಕ್ಷಿ ಇಲ್ಲಿನ ಬೆಳೆ. ಬೋಡಿ ಎಂದರೆ ಏಲಕ್ಕಿ ಹರಾಜು. ಕೂಲಿ ಮಂದಿ ಬೆಳಗಾದರೆ ಜೀಪು ಹತ್ತಿ ಘಟ್ಟದ ಮೇಲೆ, ಕೇರಳದ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆಗೆ ಇಳಿದು ಬರುತ್ತಾರೆ.

ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಹೋಗಿ ನೆಲೆ ನಿಂತ ಒಕ್ಕಲಿಗರು, ಕಾಪ್ಪಿಲಿಯರು ಈ ಕಣಿವೆಯಲ್ಲಿದ್ದಾರೆ. ದಿಂಡಿಗಲ್ ಕಡೆ ಅನುಪ್ಪರು ಇದ್ದಾರೆ. ಮನೆಯೊಳಗಿನ ಮಾತು ಕನ್ನಡ, ಅದೂ ಇತ್ತಲಿನವರಿಗೆ ತಟಕ್ಕನೆ ತಿಳಿಯದ ಹಳೆಯ ಕನ್ನಡ. ಶಾಲೆ, ಕಚೇರಿ, ಮದುವೆ ಕಾರ್ಡು, ಓಟಿನ ಚೀಟಿ ಎಲ್ಲ ತಮಿಳು. ಕಂಬಂ ಪೇಟೆಯಲ್ಲಿ ಒಕ್ಕಲಿಗರು ನಡೆಸಿಕೊಂಡು ಬಂದಿರುವ ನಂದಗೋಪಾಲಸ್ವಾಮಿಯ ದನದ ದೊಡ್ಡಿ ಇದೆ. ತಮಿಳಿನಲ್ಲಿ ಅದಕ್ಕೆ ತಂಬಿರಾನ್ ಮಾಟ್ಟು ತೊಳು ಎನ್ನುತ್ತಾರೆ. ಅಲ್ಲಿ ಹಸು ಎತ್ತೇ ದೇವರು. ಮಾಟ್ಟು ಪೊಂಗಲ್ ದಿನ ಜಾತಿ ಭೇದವಿಲ್ಲದೆ ಊರೇ ಬಂದು ಕೈ ಮುಗಿಯುತ್ತದೆ. ಕನ್ನಡದ ಗುರುತು ಕಣಿವೆಯಲ್ಲಿ ಉಳಿದದ್ದು ಹೀಗೆ, ಅಡಿಗೆಮನೆಯಲ್ಲಿ ಮತ್ತು ದೊಡ್ಡಿಯಲ್ಲಿ. ಮತಪೆಟ್ಟಿಗೆಯಲ್ಲಿ ಮಾತ್ರ ಅದು ಎಂದೂ ಕಾಣಿಸಲಿಲ್ಲ.

ಗಾಳಿ ಬಂದ ಕಡೆ

1952, 1957, 1962ರ ಮೂರು ಚುನಾವಣೆಗಳಲ್ಲಿ ಪೆರಿಯಕುಳಂ ಕಾಂಗ್ರೆಸ್ಸಿನದು. ಮೊದಲ ಲೋಕಸಭೆಗೆ ಶಕ್ತಿವಡಿವೇಲ್ ಗೌಂಡರ್, ಆಮೇಲೆ ಆರ್. ನಾರಾಯಣಸ್ವಾಮಿ, ಮಲೈಚಾಮಿ ತೇವರ್ ಹೋದರು. 1967ರಲ್ಲಿ ಇಡೀ ಮದರಾಸು ರಾಜ್ಯವೇ ಕಾಂಗ್ರೆಸ್ಸಿಗೆ ಬೆನ್ನು ತೋರಿಸಿದಾಗ ಡಿಎಂಕೆಯ ಅಜ್ಮಲ್ ಖಾನ್ ಗೆದ್ದರು. 1971ರಲ್ಲಿ ಡಿಎಂಕೆ ಬೆಂಬಲದಿಂದ ಮುಸ್ಲಿಂ ಲೀಗಿನ ಎಸ್.ಎಂ. ಮುಹಮ್ಮದ್ ಷರೀಫ್ ಗೆದ್ದರು. ಮುಸ್ಲಿಮರು ಅಲ್ಪಸಂಖ್ಯಾತರಾಗಿರುವ ಕ್ಷೇತ್ರ ಸಾಲಾಗಿ ಎರಡು ಸಲ ಮುಸ್ಲಿಂ ಅಭ್ಯರ್ಥಿಯನ್ನು ಆರಿಸಿತು ಎಂಬುದು ಗಮನಾರ್ಹ. ಅಲ್ಲಿ ಮಂದಿ ನೋಡಿದ್ದು ಪಕ್ಷವನ್ನು, ಮೈತ್ರಿಯನ್ನು.

1973ರ ಮೇ ತಿಂಗಳಲ್ಲಿ ಪಕ್ಕದ ದಿಂಡಿಗಲ್‌ನಲ್ಲಿ ಉಪಚುನಾವಣೆ ನಡೆಯಿತು. ಎಂ.ಜಿ. ರಾಮಚಂದ್ರನ್ ಡಿಎಂಕೆ ಬಿಟ್ಟು 1972ರ ಅಕ್ಟೋಬರಿನಲ್ಲಿ ಕಟ್ಟಿದ ಪಕ್ಷ ಇನ್ನೂ ಎಳೆ ಕೂಸು. ಅದರ ಅಭ್ಯರ್ಥಿ ಮಾಯತೇವರ್ ಎರಡೆಲೆ ಚಿಹ್ನೆ ಹಿಡಿದು ಗೆದ್ದರು. ಆಳುವ ಡಿಎಂಕೆ ಮೂರನೇ ಸ್ಥಾನಕ್ಕೆ ಜಾರಿತು. ತಮಿಳುನಾಡಿನ ಮುಂದಿನ ರಾಜಕೀಯಕ್ಕೆ ದಾರಿ ತೆರೆದದ್ದು ಈ ಹಳ್ಳಿಗಾಡೇ.

ಅಲ್ಲಿಂದ ಮುಂದೆ ಪೆರಿಯಕುಳಂ ಬಹುಮಟ್ಟಿಗೆ ಎರಡೆಲೆಯ ಬೆನ್ನು ಹತ್ತಿತು. 1977ರಲ್ಲಿ ಅಣ್ಣಾಡಿಎಂಕೆ ಗೆದ್ದಿತು. 1980ರಲ್ಲಿ ಡಿಎಂಕೆಯ ಕಂಬಂ ನಟರಾಜನ್ ಕಿತ್ತುಕೊಂಡರು. 1984, 1989, 1991ರಲ್ಲಿ ಮತ್ತೆ ಅಣ್ಣಾಡಿಎಂಕೆ. 1996ರ ಜಯಲಲಿತಾ ವಿರೋಧಿ ಅಲೆಯಲ್ಲಿ ಡಿಎಂಕೆ. 1998ರಲ್ಲಿ ಅಣ್ಣಾಡಿಎಂಕೆಯ ಸೇಡಪಟ್ಟಿ ಮುತ್ತಯ್ಯ ಗೆದ್ದು ವಾಜಪೇಯಿ ಸಂಪುಟದಲ್ಲಿ ಭೂಸಾರಿಗೆ ಮಂತ್ರಿಯಾದರು. ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. 1999ರಲ್ಲಿ ಟಿ.ಟಿ.ವಿ. ದಿನಕರನ್ ಬಂದರು. 2004ರಲ್ಲಿ ಅವರನ್ನು ಕಾಂಗ್ರೆಸ್ಸಿನ ಜೆ.ಎಂ. ಆರೂಣ್ ರಶೀದ್ ಸೋಲಿಸಿದರು. ಪೆರಿಯಕುಳಂ ಹೆಸರಿನಲ್ಲಿ ಗೆದ್ದ ಕೊನೆಯ ಸಂಸದ ಅವರೇ. 2009ರಲ್ಲಿ ತೇನಿಯ ಮೊದಲ ಸಂಸದರೂ ಅವರೇ.

ವಿಧಾನಸಭೆಯ ಲೆಕ್ಕ ಇನ್ನೂ ದೊಡ್ಡದು. 1984ರಲ್ಲಿ ಎಂ.ಜಿ.ಆರ್. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಆಂಡಿಪಟ್ಟಿಯ ಮಂದಿ ಅವರನ್ನು ಗೆಲ್ಲಿಸಿದರು. ಜಯಲಲಿತಾ ಮೊದಲ ಸಲ ಶಾಸಕಿಯಾದದ್ದು 1989ರಲ್ಲಿ ಬೋಡಿಯಿಂದ. 2002 ಮತ್ತು 2006ರಲ್ಲಿ ಆಂಡಿಪಟ್ಟಿ ಅವರ ಕೈ ಹಿಡಿಯಿತು. ಪೆರಿಯಕುಳಂ ಪುರಸಭೆಯಿಂದ ಮೇಲೆ ಬಂದ ಓ. ಪನ್ನೀರ್‌ಸೆಲ್ವಂ 2001ರಲ್ಲಿ ಅಲ್ಲಿನ ಶಾಸಕರಾದ ವರ್ಷವೇ ಮುಖ್ಯಮಂತ್ರಿಯಾದರು. ಒಂದೇ ಜಿಲ್ಲೆಯಲ್ಲಿ ಗೆದ್ದವರು ಮೂವರು ಮುಖ್ಯಮಂತ್ರಿಗಳು!

ಇಷ್ಟೆಲ್ಲ ದೊಡ್ಡವರನ್ನು ಹೊತ್ತ ಕಣಿವೆಗೆ ಸಿಕ್ಕದ್ದೇನು? ಒಂದು ರೈಲಿನ ಕತೆ ಸಾಕು. ಮದುರೆಯಿಂದ ಬೋಡಿಗೆ 1928ರಿಂದ ಸಣ್ಣ ಗೇಜಿನ ರೈಲಿತ್ತು. ದೊಡ್ಡ ಗೇಜ್ ಮಾಡುತ್ತೇವೆಂದು 2010ರ ಕೊನೆಗೆ ಅದನ್ನು ನಿಲ್ಲಿಸಿದರು. ಸುಮಾರು 90 ಕಿಲೋಮೀಟರಿನ ದಾರಿ. ತೇನಿಗೆ ರೈಲು ಮರಳಿದ್ದು 2022ರ ಮೇ ತಿಂಗಳಲ್ಲಿ, ಬೋಡಿಗೆ 2023ರ ಜೂನ್‌ನಲ್ಲಿ. ಅಷ್ಟರಲ್ಲಿ ಮೂವರು ಸಂಸದರು ಆಗಿಹೋದರು. ಬೋಡಿಯ ಶಾಸಕರು ಆ ಅವಧಿಯಲ್ಲಿ ಎರಡು ಸಲ ಮುಖ್ಯಮಂತ್ರಿಯೂ ಆಗಿದ್ದರು. ರೈಲ್ವೆ ಕೇಂದ್ರದ ಕೈಯಲ್ಲಿದೆ, ಒಬ್ಬರನ್ನೇ ದೂರುವುದು ನ್ಯಾಯವಲ್ಲ. ಆದರೂ ವಿಐಪಿ ಕ್ಷೇತ್ರ ಎಂಬ ಪಟ್ಟ ಒಂದು ರೈಲನ್ನೂ ಬೇಗ ತರಲಿಲ್ಲ ಎಂಬುದು ಸತ್ಯ.

ಗೆರೆ ಎಳೆದ ಮೇಲೆ

2008ರಲ್ಲಿ ಆದದ್ದು ವಿಚಿತ್ರ. ಲೋಕಸಭೆಯಲ್ಲಿ ತೇನಿ ಎಂಬ ಹೆಸರು ಹುಟ್ಟಿತು, ವಿಧಾನಸಭೆಯಲ್ಲಿ ತೇನಿ ಎಂಬ ಕ್ಷೇತ್ರವೇ ಇಲ್ಲವಾಯಿತು! ಸೇಡಪಟ್ಟಿ ವಿಧಾನಸಭಾ ಕ್ಷೇತ್ರವೂ ಹೋಯಿತು. ಪೆರಿಯಕುಳಂ ಪರಿಶಿಷ್ಟ ಜಾತಿಗೆ ಮೀಸಲಾದ್ದರಿಂದ ಪನ್ನೀರ್‌ಸೆಲ್ವಂ 2011ರಲ್ಲಿ ಬೋಡಿಗೆ ಹೋದರು. ಹೊಸ ಲೋಕಸಭಾ ಕ್ಷೇತ್ರದಲ್ಲಿ ಆಂಡಿಪಟ್ಟಿ, ಪೆರಿಯಕುಳಂ, ಬೋಡಿ, ಕಂಬಂ ಜೊತೆಗೆ ಮದುರೆ ಜಿಲ್ಲೆಯ ಉಸಿಲಂಪಟ್ಟಿ ಮತ್ತು ಶೋಳವಂದಾನ್ ಸೇರಿವೆ.

ಕಾಗದದ ಮೇಲೆ ಇದು ಜನಸಂಖ್ಯೆಯ ಜೋಡಣೆ. ನೀರಿನ ಕಣ್ಣಿನಿಂದ ನೋಡಿದರೆ ಇದರಲ್ಲಿ ಬೇರೆ ಅರ್ಥ ಇದೆ. ಕೇರಳದಲ್ಲಿರುವ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು 1895ರಿಂದ ಘಟ್ಟ ದಾಟಿ ಬಂದು ಕಂಬಂ ಕಣಿವೆಗೆ ಉಣಿಸಿ, ವೈಗೈ ಅಣೆಕಟ್ಟು ಸೇರಿ, ಮದುರೆ ಕಡೆ ಇಳಿಯುತ್ತದೆ. ಮೇಲೆ ಕಂಬಂನ ರೈತ, ಕೆಳಗೆ ಶೋಳವಂದಾನ್‌ನ ರೈತ. ಉಸಿಲಂಪಟ್ಟಿಯವರದು ವೈಗೈಯಿಂದ 58 ಹಳ್ಳಿಗಳಿಗೆ ಕಾಲುವೆ ನೀರು ಬೇಕೆಂಬ ಹಳೆಯ ಕೂಗು. ಈಗ ಮೂವರೂ ಒಬ್ಬನೇ ಸಂಸದನ ಬಾಗಿಲು ತಟ್ಟಬೇಕು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅಣೆಕಟ್ಟಿನ ಮಟ್ಟ 142 ಅಡಿಗೆ ಏರಿಸಲು ಒಪ್ಪಿದಾಗ ಇಡೀ ಕ್ಷೇತ್ರಕ್ಕೆ ಅದು ಒಂದೇ ಸುದ್ದಿಯಾಗಿತ್ತು.

ಓಟು ಮಾತ್ರ ಗಾಳಿಯ ಹಿಂದೆಯೇ ಹೋಯಿತು. 2014ರಲ್ಲಿ ಅಣ್ಣಾಡಿಎಂಕೆಯ ಪಾರ್ಥಿಬನ್. 2019ರಲ್ಲಿ ತಮಿಳುನಾಡಿನಲ್ಲಿ ಆ ಪಕ್ಷದ ಕೂಟ ಗೆದ್ದದ್ದು ತೇನಿ ಒಂದೇ. ಗೆದ್ದವರು ಪನ್ನೀರ್‌ಸೆಲ್ವಂ ಮಗ ರವೀಂದ್ರನಾಥ್. ಸೋತವರಲ್ಲಿ ದಿನಕರನ್ ಪಕ್ಷದ ತಂಗ ತಮಿಳ್‌ಸೆಲ್ವನ್ ಇದ್ದರು. 2024ರಲ್ಲಿ ಅದೇ ತಮಿಳ್‌ಸೆಲ್ವನ್ ಡಿಎಂಕೆಯಿಂದ ನಿಂತು, ಸ್ವತಃ ದಿನಕರನ್ ಅವರನ್ನು 2.78 ಲಕ್ಷಕ್ಕೂ ಹೆಚ್ಚು ಓಟಿನಿಂದ ಸೋಲಿಸಿದರು.

ಗಡಿಯಾಚೆಯವರು ಕಲಿಯಬೇಕಾದ್ದು

ಈ ಕತೆಯಲ್ಲಿ ಕನ್ನಡದ ಮನೆಗಳು ಎಲ್ಲಿವೆ? ಎಲ್ಲ ಕಡೆ ಇವೆ, ಎಲ್ಲಿಯೂ ಕಾಣುವುದಿಲ್ಲ. ಇದಕ್ಕೆ ಕಾನೂನಿನಲ್ಲೇ ಕಾರಣ ಇದೆ. 2002ರ ಪುನರ್ವಿಂಗಡಣಾ ಕಾಯ್ದೆ ಗೆರೆ ಎಳೆಯುವಾಗ ನೋಡಬೇಕಾದ ಅಂಶಗಳನ್ನು ಪಟ್ಟಿ ಮಾಡಿದೆ. ಪ್ರದೇಶ ಒಟ್ಟಾಗಿರಬೇಕು, ಗುಡ್ಡ, ಹೊಳೆಯಂಥ ಭೌಗೋಳಿಕ ಲಕ್ಷಣ, ಆಡಳಿತದ ಗಡಿ, ಸಂಪರ್ಕ, ಜನರ ಅನುಕೂಲ ನೋಡಬೇಕು. ಭಾಷೆ ಎಂಬ ಮಾತು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ‘ಇಲ್ಲಿ ಕನ್ನಡದವರಿದ್ದೇವೆ, ಒಂದೇ ಕಡೆ ಇಡಿ’ ಎಂದು ಬರೇ ಕೂಗಿದರೆ ಆಯೋಗಕ್ಕೆ ಕೇಳಿಸುವುದಿಲ್ಲ.

ಕೇಳಿಸುವುದು ಬೇರೆ ಮಾತು. ತಾಲೂಕು ಕಚೇರಿಗೆ ಯಾವ ರಸ್ತೆ, ಬಸ್ಸು ಯಾವ ಊರಿಗೆ ಹೋಗುತ್ತದೆ, ಕಾಲುವೆ ಎಲ್ಲಿಂದ ಬರುತ್ತದೆ, ಸಂತೆ ಎಲ್ಲಿ. ಈ ಲೆಕ್ಕ ಇಟ್ಟುಕೊಂಡು ಹೋದರೆ ಅದು ಕಾಯ್ದೆಯೊಳಗಿನ ಮಾತಾಗುತ್ತದೆ. ಬಸ್ಸು, ಸಂತೆ, ಕಾಲುವೆ ಒಂದಾಗಿರುವ ಊರುಗಳಲ್ಲಿ ಬಹಳ ಸಲ ಮನೆಯ ಮಾತೂ ಒಂದೇ ಇರುತ್ತದೆ. ಜತ್ತದ ಉದಾಹರಣೆ ಕಣ್ಣ ಮುಂದೆಯೇ ಇದೆ. 2022ರ ಕೊನೆಗೆ ಅಲ್ಲಿನ ಗಡಿ ಹಳ್ಳಿಗಳ ಮಾತು ಎದ್ದಾಗ ಮುಂಬೈಯಲ್ಲಿ ಮ್ಹೈಸಾಳ ನೀರಿನ ವಿಸ್ತರಣಾ ಯೋಜನೆಗೆ ಜೀವ ಬಂತು. ಸರಕಾರವನ್ನು ಎಬ್ಬಿಸಿದ್ದು ನೀರಿನ ಪ್ರಶ್ನೆ.

ಇನ್ನೊಂದು ಮಾತು. ಹಿಂದಿನ ಸಲದ ಕಾಯ್ದೆಯಂತೆ ಆಯೋಗ ತನ್ನ ಕರಡನ್ನು ಪ್ರಾದೇಶಿಕ ಪತ್ರಿಕೆಗಳಲ್ಲಿ ಪ್ರಕಟಿಸಬೇಕಿತ್ತು, ಬಹಿರಂಗ ಸಭೆ ನಡೆಸಿ ಆಕ್ಷೇಪ ಕೇಳಬೇಕಿತ್ತು. ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರು. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಅಂತಿಮ ಆದೇಶಕ್ಕೆ ಕಾನೂನಿನ ಬಲ, ಕೋರ್ಟಿಗೆ ಹೋಗುವ ದಾರಿ ಬಹಳ ಕಿರಿದು. ಮಾತಾಡುವ ಸಮಯ ಎಂದರೆ ಕರಡು ಮತ್ತು ಸಭೆಯ ನಡುವಿನ ಆ ಕೆಲವು ವಾರ ಮಾತ್ರ.

ಮುಂದಿನ ಗೆರೆಗೆ ಎಂಥ ಕಾಯ್ದೆ ಬರಲಿ, ಅದಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಜನಗಣತಿಯವರು ಮನೆ ಬಾಗಿಲಿಗೆ ಬಂದು ಮಾತೃಭಾಷೆ ಕೇಳಿದಾಗ ‘ಕನ್ನಡ’ ಎಂದು ಬರೆಸುವುದು. ಮರಾಠಿ ಶಾಲೆಯಲ್ಲಿ ಕಲಿತಿದ್ದರೂ ಅಷ್ಟೇ, ತಮಿಳಿನಲ್ಲಿ ಓದಿದ್ದರೂ ಅಷ್ಟೇ. ಅದು ಗೆರೆ ಎಳೆಯಲು ಬರಲಿಕ್ಕಿಲ್ಲ, ಆದರೆ ಶಾಲೆ, ಅರ್ಜಿ, ಭಾಷಾ ಅಲ್ಪಸಂಖ್ಯಾತರ ಸವಲತ್ತು ಕೇಳಲು ಅದೇ ಆಧಾರ.

ಊರೂರಿನ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಪೆಂಡಾಲು ಹಾಕುವ ಹುರುಪಿನಲ್ಲಿ ಅರ್ಧವನ್ನಾದರೂ ಈ ಕೆಲಸಕ್ಕೆ ಇಡಲಿ. ಗ್ರಾಮ ಪಂಚಾಯತಿಯಲ್ಲಿ ಠರಾವು ಮಾಡಿಸಲಿ, ರಸ್ತೆ ಮತ್ತು ನೀರಿನ ನಕಾಶೆ ಸಿದ್ಧ ಮಾಡಿಕೊಳ್ಳಲಿ. ಕಂಬಂ ಕಣಿವೆಯ ಮನೆಗಳು ಐವತ್ತು ವರ್ಷ ದೊಡ್ಡ ದೊಡ್ಡ ಹೆಸರುಗಳಿಗೆ ಓಟು ಹಾಕಿದವು. ಕ್ಷೇತ್ರದ ಹೆಸರೇ ಬದಲಾದ ದಿನ ಅವರ ಊರು ಯಾವ ಕಡೆ ಇರಬೇಕೆಂದು ಯಾವ ದೊಡ್ಡ ಹೆಸರೂ ಅವರ ಮನೆಗೆ ಬಂದು ಕೇಳಲಿಲ್ಲ. ಗಡಿಯಾಚೆಯ ಕನ್ನಡಿಗರು ಯಾರಾದರೂ ಬಂದು ಕೇಳಲಿ ಎಂದು ಕಾಯದೆ, ಕರಡು ಬಂದ ವಾರವೇ ಹೋಗಿ ಹೇಳಿ ಬರಬೇಕು.