ಗ್ರೈಂಡರ್ ಕೆಳಗಿಡಿ, ಸ್ಪ್ಯಾನರ್ ತಗೊಳ್ಳಿ

ಈಗ ಹಾಸ್ಟೆಲ್‌ನಲ್ಲಿ ಯಾರ ಫೋನ್ ನೋಡಿದ್ರೂ ಅದೇ ರೀಲ್. ತುಕ್ಕು ಹಿಡಿದ ಹಳೇ ಬೈಕ್ ಬರುತ್ತೆ, ಗ್ರೈಂಡರ್‌ನಿಂದ ಕಿಡಿ ಹಾರುತ್ತೆ, ಮೂವತ್ತು ಸೆಕೆಂಡಿನಲ್ಲಿ ಫಳಫಳ ಹೊಳೆಯೋ ಕೆಫೆ ರೇಸರ್ ರೆಡಿ. ಕೆಳಗೆ 'ರೆಸ್ಟೋರ್ಡ್' ಅಂತ ಬರೆದಿರ್ತಾರೆ. ನನ್ನ ತಕರಾರು ಆ ಒಂದು ಪದದ ಮೇಲೆ. ರೆಸ್ಟೋರ್ ಮಾಡೋದು ಅಂದ್ರೆ ಬೈಕನ್ನು ಮೊದಲಿದ್ದ ಸ್ಥಿತಿಗೆ ತರೋದು. ಕೆಫೆ ರೇಸರ್ ಮಾಡೋದು ಅಂದ್ರೆ ಅದನ್ನು ಬೇರೆಯದೇ ಬೈಕ್ ಮಾಡೋದು. ಎರಡೂ ಒಳ್ಳೆ ಕೆಲಸವೇ, ಆದ್ರೆ ಒಂದೇ ಕೆಲಸ ಅಲ್ಲ. ಗ್ರೈಂಡರ್ ಹಿಡಿದು ಎರಡನೆಯದನ್ನು ಮಾಡಿದ್ರೆ ಮೊದಲನೆಯದಕ್ಕೆ ದಾರಿಯೇ ಮುಚ್ಚಿಹೋಗುತ್ತೆ.

ಇದನ್ನು ಈಗ ಬರೆಯೋಕೆ ಕಾರಣ ಇದೆ. ಆಗುಂಬೆ ಹತ್ತಿರ ನಮ್ಮ ದೊಡ್ಡಪ್ಪನ ಮನೆ. ಅಲ್ಲಿ ಅಡಿಕೆ ಚೀಲಗಳ ಪಕ್ಕ ಒಂದು ಯೆಜ್ಡಿ ನಿಂತಿದೆ. ಎಂಜಿನ್ ಜಾಮ್ ಆಗಿಲ್ಲ, ಪಾರ್ಟ್ಸ್ ಬಹುತೇಕ ಎಲ್ಲ ಇವೆ, ಆರ್‌ಸಿ ಬುಕ್ಕೂ ಇದೆ. ದೊಡ್ಡಪ್ಪನ ಮಗ ಈ ಸೆಮಿಸ್ಟರ್ ರಜೆಯಲ್ಲಿ ಅದನ್ನು ಕಟ್ ಮಾಡಿಸಬೇಕು ಅಂತ ಪ್ಲಾನ್ ಹಾಕಿದ್ದಾನೆ. "ನೀನು ಮೆಕ್ಯಾನಿಕಲ್ ಅಲ್ವನಾ, ಡಿಸೈನ್ ನೀನೇ ಮಾಡು" ಅಂತ ನನಗೆ ಹೇಳಿದ. ದೊಡ್ಡಪ್ಪ ಬೇಡ ಅನ್ನಲಿಲ್ಲ. "ನಿಮಗೆ ಹ್ಯಾಂಗೆ ಬೇಕೋ ಹಾಂಗೆ ಮಾಡ್ಕಳಿ ಮಾರಾಯ್ರಾ" ಅಂದ್ರು ಅಷ್ಟೇ. ಅವರು ಬೈದಿದ್ರೆ ನಾವು ವಾದ ಮಾಡಬಹುದಿತ್ತು. ಈಗ ನಿರ್ಧಾರ ನಮ್ಮ ಮೇಲೇ ಬಂದಿದೆ.

ಮೊದಲು ಕೆಫೆ ರೇಸರ್ ಎಲ್ಲಿಂದ ಬಂತು ನೋಡೋಣ. 1950–60ರ ದಶಕದ ಇಂಗ್ಲೆಂಡಿನಲ್ಲಿ ನಮ್ಮ ವಯಸ್ಸಿನ ಹುಡುಗರು ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರುತ್ತಿದ್ದರು. ಅಲ್ಲಿಂದ ಸ್ವಲ್ಪ ದೂರ ಜೋರಾಗಿ ಓಡಿಸಿ ವಾಪಸ್ ಬರೋದು ಆಟ. ಗಂಟೆಗೆ 100 ಮೈಲಿ, ಅಂದ್ರೆ 160 ಕಿ.ಮೀ. ಮುಟ್ಟೋದು ದೊಡ್ಡ ಪ್ರತಿಷ್ಠೆ. ಅದಕ್ಕಾಗಿ ಹ್ಯಾಂಡಲ್ ತಗ್ಗಿಸಿದ್ರು, ಫುಟ್‌ರೆಸ್ಟ್ ಹಿಂದೆ ಸರಿಸಿದ್ರು, ಬೇಡದ ಭಾರ ಕಿತ್ತು ಹಾಕಿದ್ರು. ಟ್ರಯಂಫ್ ಎಂಜಿನ್ನನ್ನು ನಾರ್ಟನ್ ಫ್ರೇಮಿಗೆ ಕೂರಿಸಿ 'ಟ್ರೈಟನ್' ಮಾಡಿದ್ರು. ಪ್ರತಿ ಬದಲಾವಣೆಗೂ ಒಂದು ಕಾರಣ ಇತ್ತು: ಅವರ ರಸ್ತೆ, ಅವರ ವೇಗ. ಇನ್‌ಸ್ಟಾದಲ್ಲಿ ಚೆನ್ನಾಗಿ ಕಾಣಲಿ ಅಂತ ಮಾಡಿದ್ದಲ್ಲ.

ಹಾಗಾದ್ರೆ ನಮ್ಮ ರಸ್ತೆ ಯಾವುದು? ತೀರ್ಥಹಳ್ಳಿಯಿಂದ ಆಗುಂಬೆ, ಅಲ್ಲಿಂದ ಸೋಮೇಶ್ವರದ ಕಡೆಗೆ ಇಳಿಯೋ ಘಾಟಿ. 14 ಹೇರ್‌ಪಿನ್ ತಿರುವು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳೋ ಊರು. ಜುಲೈನಲ್ಲಿ ಮಂಜು ಕವಿದ್ರೆ ಮುಂದಿನ ತಿರುವೇ ಕಾಣಲ್ಲ. ಇಲ್ಲಿ ಆ ರೀಲ್‌ನ ಬೈಕ್ ಓಡಿಸಿ ನೋಡಿ.

ತಗ್ಗಿನ ಕ್ಲಿಪ್-ಆನ್ ಹ್ಯಾಂಡಲ್ ಹಾಕಿದ್ರೆ ಲಿವರೇಜ್ ಕಡಿಮೆ. ಜೊತೆಗೆ ಪೂರ್ತಿ ತಿರುಗಿಸಿದಾಗ ಕೈ ಟ್ಯಾಂಕಿಗೆ ತಾಗುತ್ತೆ ಅಂತ ಸ್ಟೀರಿಂಗ್ ಲಾಕ್ ಕಡಿಮೆ ಮಾಡ್ತಾರೆ. ಹೇರ್‌ಪಿನ್‌ನಲ್ಲಿ ಬೇಕಾಗಿರೋದೇ ಅದು. ಇಳಿಜಾರಿನಲ್ಲಿ ಮೈಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತೆ. ಮಡ್‌ಗಾರ್ಡ್ ಕಿತ್ತರೆ ಕೆಸರು ಬೆನ್ನಿಗೆ. ಏರ್‌ಬಾಕ್ಸ್ ಕಿತ್ತು ತೆರೆದ ಫಿಲ್ಟರ್ ಹಾಕಿದ್ರೆ ಮಿಕ್ಸ್ಚರ್ ಬದಲಾಗುತ್ತೆ, ಮಳೆಯಲ್ಲಿ ನೀರೂ ಎಳ್ಕೊಳ್ಳುತ್ತೆ. ಸೈಲೆನ್ಸರ್‌ಗೆ ಸುತ್ತೋ ಬಟ್ಟೆಯಂಥ ರ‍್ಯಾಪ್ ಒದ್ದೆಯಾದ್ರೆ ಬೇಗ ಒಣಗಲ್ಲ, ಒಳಗೊಳಗೇ ಪೈಪ್ ತಿಂದುಹಾಕುತ್ತೆ.

ಯೆಜ್ಡಿಯ ವಿಷಯ ಇನ್ನೂ ಸೂಕ್ಷ್ಮ. ಅದು ಟೂ-ಸ್ಟ್ರೋಕ್. ಅದರಲ್ಲಿ ಸೈಲೆನ್ಸರ್ ಬರೀ ಹೊಗೆ ಹೋಗೋ ಕೊಳವೆ ಅಲ್ಲ. ಎಕ್ಸಾಸ್ಟ್‌ನಲ್ಲಿ ಹುಟ್ಟೋ ಒತ್ತಡದ ಅಲೆ ವಾಪಸ್ ಬಂದು, ಸುಡದ ಪೆಟ್ರೋಲ್ ಹೊರಗೆ ಹೋಗದಂತೆ ತಡೆಯುತ್ತೆ. ಅಂದ್ರೆ ಪೈಪಿನ ಉದ್ದ, ಆಕಾರ ಎಲ್ಲವೂ ಎಂಜಿನ್‌ನ ಭಾಗ. ಅದನ್ನು ಕತ್ತರಿಸಿ ಗಿಡ್ಡ ಪೈಪ್ ಹಾಕಿದ್ರೆ ಸೌಂಡ್ ಜಾಸ್ತಿ ಆಗುತ್ತೆ, ಘಾಟಿ ಹತ್ತೋಕೆ ಬೇಕಾದ ಎಳೆತ ಕಡಿಮೆ ಆಗುತ್ತೆ. ಇನ್ನು ಆಯಿಲ್. ಹಳೇ ಯೆಜ್ಡಿಗೆ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕು. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿದ್ರೆ ಪೆಟ್ರೋಲ್ ಜೊತೆ ಆಯಿಲ್ಲೂ ಕಡಿಮೆ ಹೋಗುತ್ತೆ, ಪಿಸ್ಟನ್ ಹಿಡ್ಕೊಳ್ಳೋ ಅಪಾಯ ಇರುತ್ತೆ. ದೊಡ್ಡಪ್ಪ ಘಾಟಿ ಇಳಿಯುವಾಗ ಆಗಾಗ ಸ್ವಲ್ಪ ಆಕ್ಸಿಲರೇಟರ್ ಕೊಡ್ತಿದ್ದದ್ದು ಇದಕ್ಕೇ. ಟೂ-ಸ್ಟ್ರೋಕ್‌ನಲ್ಲಿ ಎಂಜಿನ್ ಬ್ರೇಕಿಂಗೂ ಕಡಿಮೆ, ಹಾಗಾಗಿ ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ. ಕೈಯಲ್ಲಿರೋ ದುಡ್ಡಿನಲ್ಲಿ ಮೊದಲು ಬರಬೇಕಾದ್ದು ಬ್ರೇಕ್ ಶೂ. ಲೆದರ್ ಸೀಟು ಆಮೇಲೆ.

ಸೀಟು ಅಂದಾಗ ನೆನಪಾಯ್ತು. ಕೆಫೆ ರೇಸರ್‌ಗೆ ಸೀಟು ಒಂದೇ. ಹಿಂದಿನ ಫ್ರೇಮ್ ಕತ್ತರಿಸೋದೇ ಆ ಗಿಡ್ಡ ಸೀಟಿಗೆ. ಆ ಯೆಜ್ಡಿ ಮೇಲೆ ದೊಡ್ಡಮ್ಮ ತೀರ್ಥಹಳ್ಳಿ ಆಸ್ಪತ್ರೆಗೆ ಹೋಗಿದ್ದಾರೆ, ಅಡಿಕೆ ಮಂಡಿಗೆ ಹೋಗಿದೆ, ಎರಡು ಮಕ್ಕಳು ಶಾಲೆಗೆ ಹೋಗಿದ್ದಾರೆ. ಒಬ್ಬನೇ ಕೂರೋ ಬೈಕ್ ಮಾಡಿದ್ಮೇಲೆ ಅದಕ್ಕೆ ಆ ಮನೆಯಲ್ಲಿ ಏನು ಕೆಲಸ?

ಇನ್ನೊಂದು ಲೆಕ್ಕ ಇದೆ. ಈ ಬೈಕ್ ಎಲ್ಲಿಂದಲೋ ಬಂದದ್ದಲ್ಲ. 1960ರಲ್ಲಿ ಶುರುವಾದ ಮೈಸೂರಿನ ಐಡಿಯಲ್ ಜಾವಾ ಕಂಪನಿ ಚೆಕೊಸ್ಲೊವಾಕಿಯಾದ ಜಾವಾ ಲೈಸೆನ್ಸಿನಲ್ಲಿ ಯಾದವಗಿರಿಯಲ್ಲಿ ಬೈಕ್ ಮಾಡ್ತಿತ್ತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಸುಮಾರು 249 ಸಿಸಿ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡಕ್ಕೂ ಒಂದೇ ಲಿವರ್. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಹೊಸ ಜಾವಾ, ಹೊಸ ಯೆಜ್ಡಿ ಬಂದಿವೆ, ಆದ್ರೆ ಅವು ಬೇರೆ ಬೈಕು, ಫೋರ್-ಸ್ಟ್ರೋಕ್. ಮೈಸೂರಿನ ಹಳೇ ಫ್ರೇಮ್ ಇನ್ನು ತಯಾರಾಗಲ್ಲ. ಒಂದು ಕತ್ತರಿಸಿದ್ರೆ ಒಂದು ಕಡಿಮೆ ಆಯ್ತು.

ಕಾನೂನನ್ನೂ ಸ್ವಲ್ಪ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ತಾಳೆಯಾಗದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಇದೆ. 15 ವರ್ಷ ದಾಟಿದ ಬೈಕ್ ಹೇಗೂ 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕು. ಇನ್ನೊಂದು ಕಡೆ, 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿ ವಿಂಟೇಜ್ ಅಂತ ನೋಂದಣಿ ಆಗಬಹುದು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡು ಆಗಿರಬಾರದು ಅಷ್ಟೇ. ಒಂದು ಕಟ್‌ಗೆ ಆ ಅವಕಾಶವೂ ಹೋಗುತ್ತೆ.

"ಸುಮ್ನೆ ತುಕ್ಕು ಹಿಡಿದು ಗುಜರಿಗೆ ಹೋಗೋದಕ್ಕಿಂತ ಕಟ್ ಮಾಡಿ ಓಡಿಸೋದು ವಾಸಿ ಅಲ್ವಾ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಂಜಿನ್ ಇಲ್ಲದ, ಪೇಪರ್ ಇಲ್ಲದ, ಆಗಲೇ ಮುರಿದ ಫ್ರೇಮ್ ಸಿಕ್ಕಿದ್ರೆ ಅದರ ಮೇಲೆ ವೆಲ್ಡಿಂಗ್ ಕಲೀರಿ, ರಸ್ತೆಗೆ ತರಬೇಡಿ, ಡಿಪಾರ್ಟ್‌ಮೆಂಟಿನಲ್ಲಿ ಇಡಿ. ನಾನೇ ಬರ್ತೀನಿ. ಆದ್ರೆ ಪೂರ್ತಿ ಇರೋ ಬೈಕಿಗೆ ಈ ವಾದ ಹೊಂದಲ್ಲ. ಅದನ್ನು ಓಡಿಸೋಕೆ ಕಟ್ ಮಾಡೋದೇ ಬೇಕಿಲ್ಲ. ಕಾರ್ಬುರೇಟರ್ ಕ್ಲೀನ್ ಮಾಡಿ, ಪಾಯಿಂಟ್ಸ್ ಸೆಟ್ ಮಾಡಿ, ಆಯಿಲ್ ಸೀಲ್ ಮತ್ತು ವೈರಿಂಗ್ ಬದಲಾಯಿಸಿದ್ರೆ ಅರ್ಧ ದಾರಿ ಬಂದ ಹಾಗೆ.

ಹಾಗಂತ ಮ್ಯೂಸಿಯಂ ಪೀಸ್ ಮಾಡಿ ಇಟ್ಕೊಳ್ಳಿ ಅಂತಲೂ ನಾನು ಹೇಳ್ತಿಲ್ಲ. ನನ್ನ ನಿಯಮ ಸರಳ. ಸ್ಪ್ಯಾನರ್‌ನಲ್ಲಿ ಬಿಚ್ಚೋಕೆ, ವಾಪಸ್ ಹಾಕೋಕೆ ಆಗೋದನ್ನು ಮಾತ್ರ ಬದಲಾಯಿಸಿ. ಬಿಚ್ಚಿದ ಪ್ರತಿ ಪಾರ್ಟನ್ನೂ ಹೆಸರು ಬರೆದು ಡಬ್ಬದಲ್ಲಿ ಇಡಿ. ಗ್ರೈಂಡರ್ ಬೇಕು ಅನ್ನಿಸಿದ ಕಡೆ ನಿಲ್ಲಿ. ಸೀಟು ಬೇರೆ ಬೇಕಾದ್ರೆ ಮೂಲ ಬೋಲ್ಟಿನ ತೂತಿಗೇ ಕೂರೋ ಬ್ರಾಕೆಟ್ ಡಿಸೈನ್ ಮಾಡಿ. ಕತ್ತರಿಸೋದಕ್ಕಿಂತ ಇದು ಕಷ್ಟ, ಅಳತೆ ತಗೋಬೇಕು, ಸಿಎಡಿ ಕೂತು ಮಾಡಬೇಕು, ಲೇಥ್ ಮುಂದೆ ನಿಲ್ಲಬೇಕು. ನಾವು ಎಂಜಿನಿಯರಿಂಗ್ ಓದ್ತಿರೋದು ಅದಕ್ಕೇ ಅಲ್ವಾ?

ಅಣ್ಣನಿಗೂ ಇದನ್ನೇ ಹೇಳಿದ್ದೀನಿ: ಡಿಸೈನ್ ಮಾಡಿಕೊಡ್ತೀನಿ, ಆದ್ರೆ ಎರಡು ಸೀಟು, ಎರಡು ಮಡ್‌ಗಾರ್ಡ್, ಕಟ್ ಇಲ್ಲ. ಅವನಿನ್ನೂ ಒಪ್ಪಿಲ್ಲ. ನಿಮ್ಮ ಮನೆಯಲ್ಲೂ ಹಳೇ ಯೆಜ್ಡಿಯೋ, ಆರ್‌ಎಕ್ಸ್ 100ಓ, ರಾಜ್‌ದೂತೋ ಇದ್ರೆ ಈ ರಜೆಯಲ್ಲಿ ಮೊದಲು ಅದನ್ನು ಸ್ಟಾರ್ಟ್ ಮಾಡಿ. ಓಡಿಸಿದವರನ್ನೇ ಒಂದು ರೌಂಡ್ ಕೂರಿಸ್ಕೊಂಡು ಹೋಗಿ. ಏನು ಬದಲಾಯಿಸಬೇಕು ಅಂತ ಆಮೇಲೆ ಕೂತು ಮಾತಾಡೋಣ.