ಬಂಡಿಯ ಸೂರು ಸೋರಿದಾಗ

ಮನೆಯ ಸೂರು ಸೋರಿದರೆ ಅಡಿಯಲ್ಲೊಂದು ಪಾತ್ರೆಯಿಟ್ಟು ರಾತ್ರಿಯನ್ನು ಕಳೆಯಬಹುದು. ಬಂಡಿಯ ಸೂರಿನಡಿಯಲ್ಲಿ ಕುಳಿತಿರುವವನಾದರೋ ಬಾಡಿಗೆ ಕೊಡುವ ಗಿರಾಕಿ. ಅವನ ತೊಡೆಯ ಮೇಲೆ ಪಾತ್ರೆಯಿಡುವಂತಿಲ್ಲ. "ಏನಪ್ಪಾ, ಹೊರಗಿಗಿಂತ ಒಳಗೇ ಮಳೆ ಹೆಚ್ಚಾಗಿದೆಯಲ್ಲ!" ಎಂದು ಆತ ನಡುದಾರಿಯಲ್ಲಿ ಇಳಿದುಹೋದರೆ, ಗಾಡಿಯವನ ಅಂದಿನ ಸಂಪಾದನೆ ಅಲ್ಲಿಗೆ ಮುಗಿಯಿತು. ಕುದುರೆಗೆ ಮಾತ್ರ ಆ ದಿನವೂ ಹುರುಳಿ ಬೇಕು.

ಮೈಸೂರಿನಲ್ಲಿ ಟಾಂಗಾಗಳು ಇಂದಿಗೂ ಅರಮನೆಯ ಸುತ್ತಮುತ್ತ ಪ್ರವಾಸಿಗರಿಗಾಗಿ ಕಾದು ನಿಲ್ಲುತ್ತವೆ. ಇತ್ತೀಚಿನ ವರ್ಷಗಳ ದಸರೆಯಲ್ಲಿ, ಸಾಂಪ್ರದಾಯಿಕ ಉಡುಪು ಧರಿಸಿದ ದಂಪತಿಗಳು ಟಾಂಗಾ ಏರಿ ಹಳೆಯ ಕಟ್ಟಡಗಳನ್ನು ನೋಡಿ ಬರುವ ಸವಾರಿಯೂ ನಡೆಯುತ್ತಿದೆ. ಆದರೆ ಊರಿನಲ್ಲಿ ವರ್ಷಕ್ಕೆ ಬೀಳುವ ಸುಮಾರು 800 ಮಿಲಿಮೀಟರು ಮಳೆಯಲ್ಲಿ ದೊಡ್ಡ ಪಾಲು ಬೀಳುವುದು ಮೇ ಮತ್ತು ಅಕ್ಟೋಬರು ತಿಂಗಳುಗಳಲ್ಲಿ. ಮೇ ತಿಂಗಳು ರಜೆಯ ಕಾಲ, ಅಕ್ಟೋಬರು ದಸರೆಯ ಕಾಲ. ಗಿರಾಕಿಯೂ ಮಳೆಯೂ ಜೊತೆಯಾಗಿಯೇ ಬರುವುದರಿಂದ, ಗಾಡಿಯ ಸೂರನ್ನು ಅಲಕ್ಷಿಸುವುದು ಹೊಟ್ಟೆಯ ಪಾಡನ್ನೇ ಅಲಕ್ಷಿಸಿದಂತೆ.

ಜಟಕಾದ ಕಮಾನು ಸ್ಥಿರವಾದುದು. ಸಾರೋಟಿನ ಜಾತಿಯ ಗಾಡಿಗಳಲ್ಲಿ ಬೇಕೆಂದಾಗ ಎತ್ತಿ, ಬೇಡವೆಂದಾಗ ಹಿಂದಕ್ಕೆ ಮಡಿಸುವ ಹುಡ್ ಇರುವುದುಂಟು. ಜರ್ಮನಿಯ ಲ್ಯಾಂಡೌ ಎಂಬ ಪಟ್ಟಣದ ಹೆಸರನ್ನು ಹೊತ್ತ ಗಾಡಿಗಳಲ್ಲಿ ಇಂತಹ ಹುಡ್ ಹಿಂದೊಂದು, ಮುಂದೊಂದು ಇದ್ದು, ನಡುವೆ ಕೂಡುತ್ತಿದ್ದವು. ಮೋಟಾರು ಕಾರುಗಳ ಮೊದಲ ಕಾಲದಲ್ಲಿಯೂ ಇದೇ ಪದ್ಧತಿ ಮುಂದುವರಿಯಿತು. ಇಂದಿನ ಆಟೋರಿಕ್ಷಾದ ರೆಕ್ಸಿನ್ ಟಾಪು ಇದೇ ವಂಶದ ಬಡ ಸೋದರ.

ಇಂತಹ ಸೂರಿನಲ್ಲಿ ಮೂರು ಅಂಗಗಳುಂಟು: ಬಾಗಿಸಿದ ಮರದ ಕಮಾನುಗಳು, ಅವುಗಳನ್ನು ಮಡಿಸುವ ಕಬ್ಬಿಣದ ಕೀಲುಗಳು, ಮೇಲೆ ಹೊದಿಸಿದ ಚರ್ಮ ಅಥವಾ ಕ್ಯಾನ್ವಾಸು. ಕಣ್ಣಿಗೆ ಬೀಳುವುದು ಹೊದಿಕೆ ಮಾತ್ರ. ಆದುದರಿಂದಲೇ ಅನೇಕರು ಹರಿದ ಕಡೆ ಒಂದು ತೇಪೆ ಹಚ್ಚಿ, ಮೇಲೆ ಟಾರು ಬಳಿದು, ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಅಷ್ಟರಲ್ಲಿ ಮೊಳೆಯ ರಂಧ್ರದಿಂದ ಒಳಗಿಳಿದ ನೀರು ಮರದಲ್ಲಿ ಮನೆ ಮಾಡಿರುತ್ತದೆ. ಟಾರು ಬಳಿದ ಮೇಲೆ ಅದಕ್ಕೆ ಆರುವ ದಾರಿಯೂ ಇಲ್ಲ. ತೇಪೆ ಗಟ್ಟಿಯಾಗಿಯೇ ಉಳಿಯುತ್ತದೆ. ಅದು ಹಿಡಿದುಕೊಂಡ ಮರ ಪುಡಿಯಾಗುತ್ತದೆ.

ಅಮೆರಿಕದ ಕುಟುಂಬಗಳು ಕಾರಿನ ಹಿಂದೆ ಕಟ್ಟಿಕೊಂಡು ಪ್ರವಾಸ ಹೋಗುವ ಸಣ್ಣ ಬಿಡಾರದ ಬಂಡಿಗಳ ವ್ಯಥೆಯೂ ಇದೇ. ತಂಗಿದಲ್ಲಿ ಅವುಗಳ ಸೂರನ್ನು ಮೇಲಕ್ಕೆತ್ತಿ, ಬಟ್ಟೆಯ ಗೋಡೆಗಳನ್ನು ಬಿಡಿಸುತ್ತಾರೆ. ಹಳೆಯ ಬಂಡಿಗಳಲ್ಲಿ ಅನೇಕಕ್ಕೆ ಮರದ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡು. ಅಂಚಿನ ಮೇಣ ಒಣಗಿ ಬಿರುಕುಬಿಟ್ಟರೆ ನೀರು ಒಳಸೇರುತ್ತದೆ. ತಗಡು ಮಿನುಗುತ್ತಿರುವಾಗಲೇ ಮರ ಕೊಳೆತು ಸೂರು ನಡುವೆ ಜಗ್ಗುತ್ತದೆ. ದೇಶ ಬೇರೆ, ರೋಗ ಒಂದೇ.

ಹಾಗಾದರೆ ದುರಸ್ತಿಯ ಕ್ರಮವೇನು? ಮೊದಲು ಸೋರುವ ಸ್ಥಳವನ್ನು ಕಂಡುಹಿಡಿಯಬೇಕು. ಒಬ್ಬರು ಒಳಗೆ ಕುಳಿತು ನೋಡುತ್ತಿರಲು, ಇನ್ನೊಬ್ಬರು ಕೆಳಗಿನ ಅಂಚಿನಿಂದ ಆರಂಭಿಸಿ ಚೊಂಬಿನಿಂದ ಸ್ವಲ್ಪಸ್ವಲ್ಪವೇ ನೀರೆರೆಯುತ್ತ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ನೀರು ಎಲ್ಲೆಡೆಗೂ ಹರಿದು, ತಪ್ಪಿತಸ್ಥ ರಂಧ್ರ ಯಾವುದೆಂದು ತಿಳಿಯದು. ಬಳಿಕ ಸೂರನ್ನು ಎತ್ತಿ ನಿಲ್ಲಿಸಿ ಹಲವು ದಿನ ನೆರಳಿನಲ್ಲಿ ಒಣಗಿಸಬೇಕು.

ಹಳೆಯ ಹೊದಿಕೆಯನ್ನು ಹರಿಯದೆ ಬಿಚ್ಚಿಡಬೇಕು. ಹೊಸದನ್ನು ಕತ್ತರಿಸಲು ಅದೇ ಅಳತೆ. ಕಮಾನುಗಳನ್ನು ಚಾಕುವಿನ ಮೊನೆಯಿಂದ ಚುಚ್ಚಿ ನೋಡಿದರೆ, ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಓರೆಯಾಗಿ ಹೊಸ ತುಂಡನ್ನು ಬೆಸೆಯುವುದು ಬಡಗಿಯ ಕೆಲಸ. ಕೀಲುಗಳ ತುಕ್ಕು ತೆಗೆದು ಎಣ್ಣೆ ಹಾಕುವುದು ಕಮ್ಮಾರನ ಕೆಲಸ. ಇವೆರಡೂ ಆದ ನಂತರವೇ ಹೊಲಿಯುವವನ ಸರದಿ.

ಹೊದಿಕೆಯನ್ನು ಸೂರು ಎತ್ತಿ ನಿಂತಿರುವಾಗಲೇ ಅಳವಡಿಸಬೇಕು. ಮಡಿಸಿದಾಗ ಅಳತೆ ತೆಗೆದರೆ ಎತ್ತುವಾಗ ಹರಿಯುತ್ತದೆ. ಹೆಂಚು ಹೊದಿಸಿದಂತೆ, ಮೇಲಿನ ತುಂಡಿನ ಅಂಚು ಕೆಳಗಿನದರ ಮೇಲೆ ಬರಬೇಕು. ದಾರಕ್ಕೆ ಜೇನುಮೇಣ ಸವರಿ ಹೊಲಿದರೆ ಸೂಜಿಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಚರ್ಮವನ್ನೂ ತಿನ್ನುತ್ತದೆ. ಹಿತ್ತಾಳೆಯದು ಬೆಲೆ ಹೆಚ್ಚಾದರೂ ಬಾಳಿಕೆಯದು.

ಇಷ್ಟೆಲ್ಲ ಮಾಡಿದ ಮೇಲೆ ಪಾಲಿಸತಕ್ಕ ನಿಯಮ ಒಂದುಂಟು: ಒದ್ದೆಯಾದ ಸೂರನ್ನು ಮಡಿಸಬಾರದು. ಮಡಿಕೆಯೊಳಗಿನ ತೇವವೇ ಬೂಷ್ಟಿನ ತವರು. ಅನಿವಾರ್ಯವಾಗಿ ಮಡಿಸಿದರೂ ಮನೆಗೆ ಬಂದೊಡನೆ ಬಿಡಿಸಿ ಆರಿಸಬೇಕು. ಚರ್ಮದ ಹೊದಿಕೆಗೆ ಆಗಾಗ ತೆಳುವಾಗಿ ಹರಳೆಣ್ಣೆ ಸವರಿದರೆ ಮಡಿಕೆಗಳಲ್ಲಿ ಬಿರುಕು ಬೇಗನೆ ಕಾಣಿಸದು.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚಿಯವರೆಗಿನ ಒಣದಿನಗಳು ಪ್ರಶಸ್ತ. ಆದರೆ ದಿನದ ದುಡಿಮೆಯಿಂದ ದಿನ ಕಳೆಯುವವನು ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದು ಸುಲಭವಲ್ಲ. ಅವನು ತೇಪೆಯ ಮೊರೆ ಹೊಗುವುದು ಅಜ್ಞಾನದಿಂದಲ್ಲ, ಅವಸರದಿಂದ. ದಸರೆಯಲ್ಲಿ ಆ ಗಾಡಿಗಳನ್ನೇರಿ ಹಿಗ್ಗುವ ಊರು, ಬೇಸಗೆಯ ಮೊದಲ ಆ ಕೆಲವು ವಾರಗಳ ದುರಸ್ತಿಗೂ ಆಸರೆಯಾದರೆ, ಗಾಡಿಯ ಜೊತೆಗೆ ಅದನ್ನು ಕಟ್ಟಬಲ್ಲ ಕೈಗಳೂ ಉಳಿಯುತ್ತವೆ.